ಕಡಲ್ಗಳ್ಳರ ಕರಾವಳಿಗೆ ಮುಳುಬಾಗಿಲಿನ ಹೆದ್ದಾರಿ

ಕೋಲಾರ, ಮಾಲೂರು, ಮುಳುಬಾಗಿಲು, ಶ್ರೀನಿವಾಸಪುರಗಳ ಜನರು ತಲೆತಲಾಂತರದಿಂದ ಕೆರೆಯ ನೀರನ್ನು ನೆಚ್ಚಿ ಬಾಳಿದವರು. ಕಡಲು ಅವರಿಗೆ ದೂರದ ಮಾತು. ಆದರೂ ಮುಳುಬಾಗಿಲಿನ ಸಮೀಪ ವಿರೂಪಾಕ್ಷನಿಗೆ ದೇವಾಲಯವನ್ನು ಕಟ್ಟಿಸಿದ ಲಕ್ಕಣ್ಣ ದಂಡನಾಯಕನು, ತನ್ನ ದೊರೆ ಪ್ರೌಢದೇವರಾಯನ ಆಳ್ವಿಕೆಯಲ್ಲಿ ದಕ್ಷಿಣ ಸಮುದ್ರದ ಅಧಿಪತಿಯೆಂಬ ಬಿರುದನ್ನು ಧರಿಸಿದ್ದನು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು, ರಾಯನ ದಂಡನಾಯಕನು ಸಿಂಹಳದ ಗಡಿಯತ್ತ ತೆರಳಿದ್ದುದನ್ನು ಬರೆದಿಟ್ಟಿದ್ದಾನೆ. ಆ ರಾಯಭಾರಿಯು ಮರುವರ್ಷ ಸ್ವದೇಶಕ್ಕೆ ಹಡಗು ಹತ್ತಿದುದು ಹೊನ್ನಾವರದಲ್ಲಿ. ಇಂದು ಮುಳುಬಾಗಿಲಿನಲ್ಲಿ ಸಿಕ್ಕುವ 69ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಹಿಡಿದು ಚಿಕ್ಕಬಳ್ಳಾಪುರ, ಮಧುಗಿರಿ, ಶಿರಾ, ಕಡೂರು, ಶಿವಮೊಗ್ಗ, ಸಾಗರಗಳನ್ನು ದಾಟಿ ಘಟ್ಟವನ್ನಿಳಿದರೆ, ರಸ್ತೆ ಮುಗಿಯುವುದೂ ಅದೇ ಹೊನ್ನಾವರದಲ್ಲಿಯೇ!

ಶರಾವತಿಯು ಸಮುದ್ರವನ್ನು ಸೇರುವ ಈ ಪಟ್ಟಣದಲ್ಲಿ ಇಂದು ಕಾಣುವುದು ಮೀನುದೋಣಿಗಳ ಸಾಲು, ತೆಂಗಿನ ತೋಪು, ಉದ್ದನೆಯ ಸೇತುವೆ. ಐದು ಶತಮಾನಗಳ ಹಿಂದೆ ಇದರ ಹೆಸರನ್ನು ಕೇಳಿದರೆ ವರ್ತಕರ ಎದೆ ನಡುಗುತ್ತಿದ್ದಿತು. ಅದಕ್ಕೂ ಹಿಂದೆ, 1340ರ ದಶಕದಲ್ಲಿ, ಮೊರಾಕೊ ದೇಶದ ಯಾತ್ರಿಕ ಇಬ್ನ್ ಬತೂತನು ಇಲ್ಲಿಯ ಸುಲ್ತಾನನ ಅತಿಥಿಯಾಗಿದ್ದನು. ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದುದನ್ನು ಕಂಡು ಆತನು ಬೆರಗಾದನು. ಮುಂದೊಮ್ಮೆ ದಕ್ಷಿಣದಿಂದ ಹೊನ್ನಾವರದ ಕಡೆಗೆ ಬರುತ್ತಿದ್ದಾಗ, ಬಾರಕೂರಿಗೂ ಹೊನ್ನಾವರಕ್ಕೂ ನಡುವಣ ಒಂದು ಸಣ್ಣ ದ್ವೀಪದ ಬಳಿ ಹನ್ನೆರಡು ಹಡಗುಗಳು ಆತನನ್ನು ಮುತ್ತಿದವು. ಸಿಂಹಳದ ಅರಸನಿತ್ತ ರತ್ನಗಳು, ಬಟ್ಟೆಬರೆ ಎಲ್ಲವೂ ಹೋಗಿ, ಮೈಮೇಲೆ ಉಳಿದುದು ಷರಾಯಿಯೊಂದೇ. ಬುಖಾರದಲ್ಲಿ ವಿದ್ವಾಂಸರ ಗೋರಿಗಳಿಂದ ನಕಲು ಮಾಡಿಕೊಂಡಿದ್ದ ಬರಹಗಳೂ ಆ ದಿನವೇ ಕಳೆದುಹೋದವು. ರತ್ನಗಳನ್ನು ಮತ್ತೊಬ್ಬ ಅರಸನು ಕೊಟ್ಟಾನು. ಆ ಬರಹಗಳನ್ನು ಯಾರು ಕೊಡಬೇಕು?

ಆ ದ್ವೀಪದ ಹೆಸರನ್ನು ಆತನು ಹೇಳಿಲ್ಲ. ಆದರೆ ಮುರುಡೇಶ್ವರದಿಂದ ದೋಣಿಯೇರಿ ನೇತ್ರಾಣಿ ದ್ವೀಪಕ್ಕೆ ಹೋಗುವವರಿಗೆ ಈ ಕಥೆ ನೆನಪಾಗದಿರದು. ರೋಮಿನ ಪ್ಲಿನಿಯು ಒಂದನೆಯ ಶತಮಾನದಲ್ಲಿಯೇ ‘ನಿತ್ರಿಯಸ್’ ಎಂಬ ಕಡಲ್ಗಳ್ಳರ ನೆಲೆಯನ್ನು ಹೆಸರಿಸಿದ್ದು, ಅದು ನೇತ್ರಾಣಿಯೇ ಎಂದು ಕೆಲವರು, ನೇತ್ರಾವತಿಯ ಅಳಿವೆಯೆಂದು ಮತ್ತೆ ಕೆಲವರು ವಾದಿಸುತ್ತಾರೆ. ಇಂದು ಅಲ್ಲಿಗೆ ಹೋಗುವವರು ನೀರಿನಲ್ಲಿ ಮುಳುಗಿ ಹವಳವನ್ನೂ ಬಣ್ಣದ ಮೀನುಗಳನ್ನೂ ನೋಡಿ ಬರುತ್ತಾರೆ.

ಹೊನ್ನಾವರದ ಕಡಲ್ಗಳ್ಳರಲ್ಲಿ ಹೆಸರುಳಿಸಿಕೊಂಡವನು ತಿಮ್ಮೋಜ. ಪೋರ್ಚುಗೀಸರ ಬಾಯಲ್ಲಿ ‘ತಿಮೋಜ’. ಅರಬ್ಬೀ ಕುದುರೆಗಳನ್ನು ಹೊತ್ತು ಗೋವೆಗೆ ಹೊರಟ ಹಡಗುಗಳನ್ನು ಅಡ್ಡಗಟ್ಟುವುದು ಅವನ ವೃತ್ತಿ. ಕುದುರೆಗಳು ಗೋವೆಯನ್ನು ಸೇರದೆ ಭಟ್ಕಳ, ಹೊನ್ನಾವರಗಳಲ್ಲಿ ಇಳಿದರೆ ವಿಜಯನಗರಕ್ಕೆ ಲಾಭ. ಹೀಗಿರಲಾಗಿ, ಸುಲಿಗೆಗೆ ಒಳಗಾದ ವರ್ತಕನು ಅವನನ್ನು ಕಳ್ಳನೆಂದರೆ, ಘಟ್ಟದ ಮೇಲಿನವರು ಕಾವಲುಗಾರನೆಂದಿದ್ದರೆ ಆಶ್ಚರ್ಯವೇನು? 1498ರಲ್ಲಿ ವಾಸ್ಕೊ ಡ ಗಾಮನು ಕಾರವಾರದ ಬಳಿಯ ಅಂಜದೀವದಲ್ಲಿ ತಂಗಿದ್ದಾಗ, ತಿಮ್ಮೋಜನು ಎಂಟು ದೋಣಿಗಳನ್ನು ಒಂದಕ್ಕೊಂದು ಬಿಗಿದು, ಸೊಪ್ಪುಸದೆ ಹೊದಿಸಿ, ತೇಲುವ ನಡುಗಡ್ಡೆಯಂತೆ ಮಾಡಿ ಮೇಲೆರಗಿದನಂತೆ! ಫಿರಂಗಿಗಳು ಸಿಡಿದೊಡನೆ ಆ ನಡುಗಡ್ಡೆ ದಿಕ್ಕಾಪಾಲಾಯಿತೆಂದು ಪೋರ್ಚುಗೀಸ್ ಚರಿತ್ರಕಾರರು ನಗುತ್ತಾ ಬರೆದಿದ್ದಾರೆ.

ಅವರ ನಗು 1505ರಲ್ಲಿ ಬೆಂಕಿಯಾಯಿತು. ಅಲ್ಮೇಡನು ಹೊನ್ನಾವರಕ್ಕೆ ನುಗ್ಗಿ ರೇವಿನಲ್ಲಿದ್ದ ಹಡಗುಗಳನ್ನು ಸುಟ್ಟನು. ತಿಮ್ಮೋಜನು ಸಂಧಿ ಮಾಡಿಕೊಂಡನು. 1510ರಲ್ಲಿ ಕೆಂಪು ಸಮುದ್ರದತ್ತ ಹೊರಟಿದ್ದ ಅಲ್ಬುಕರ್ಕನನ್ನು ಕಂಡು, ಬಿಜಾಪುರದ ಕೈಯಲ್ಲಿದ್ದ ಗೋವೆಯನ್ನು ಹಿಡಿಯಲು ಇದೇ ಸಮಯವೆಂದು ಬೋಧಿಸಿದವನು ಇವನೇ. ಫೆಬ್ರವರಿಯಲ್ಲಿ ಗೆದ್ದು, ಮೇ ತಿಂಗಳಲ್ಲಿ ಕಳೆದುಕೊಂಡು, ನವೆಂಬರ್ 25ರಂದು ಮತ್ತೆ ಗೆದ್ದ ಆ ಗೋವೆಯನ್ನು ಪೋರ್ಚುಗೀಸರು ಬಿಟ್ಟುಹೋದುದು 1961ರ ಡಿಸೆಂಬರಿನಲ್ಲಿ. ತಿಮ್ಮೋಜನಿಗೆ ದಕ್ಕಿದುದು ತೆರಿಗೆ ವಸೂಲಿಯ ಅಧಿಕಾರ ಮಾತ್ರ; ಊರಿನ ಒಡೆತನವಲ್ಲ. ಕೆಲವೇ ವರ್ಷಗಳಲ್ಲಿ ಅವನು ತೀರಿಕೊಂಡನು.

ಹೊನ್ನಾವರದೆದುರು ಕಡಲಲ್ಲಿ ನಿಂತ ಬಸವರಾಜದುರ್ಗವು ತಿಮ್ಮೋಜನ ಕಾಲದ್ದಲ್ಲ, ಕೆಳದಿಯ ಅರಸರದು. ಕೆಂಪುಕಲ್ಲಿನ ಗೋಡೆ ದ್ವೀಪವನ್ನು ಬಳಸಿಕೊಂಡಿದೆ. ದೋಣಿಯಲ್ಲಿ ಹೋಗಬೇಕು; ಮಳೆಗಾಲದಲ್ಲಿ ಆ ಆಸೆಯನ್ನು ಬಿಡುವುದೇ ಕ್ಷೇಮ. ಅಂಜದೀವವು ನೌಕಾದಳದ ವಶದಲ್ಲಿರುವುದರಿಂದ ಪ್ರವಾಸಿಗರಿಗೆ ತೆರೆದಿಲ್ಲ. ಕುಮಟೆಯ ಹತ್ತಿರದ ಮಿರ್ಜಾನ ಕೋಟೆಯನ್ನಾದರೋ ಮಕ್ಕಳೊಡನೆ ಸಾವಕಾಶವಾಗಿ ಸುತ್ತಬಹುದು. ಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಆ ಕೋಟೆಗೆ ಅಂಟಿಕೊಂಡಿದೆ. ಕಾರವಾರದ ಕಡಲತೀರದಲ್ಲಿ ‘ಚಪಲ್’ ಎಂಬ ನಿವೃತ್ತ ಯುದ್ಧನೌಕೆಯೇ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಅದರ ಇಕ್ಕಟ್ಟಾದ ಕೋಣೆಗಳಲ್ಲಿ ಬಗ್ಗಿ ನಡೆದವರಿಗೆ, ನಾವಿಕರು ಹೇಗೆ ಬಾಳಿದರೆಂಬುದು ಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಕೋಲಾರದವರು ಮಂಗಳೂರಿಗೆ ಹೋಗದೆ ಹಿಂದಿರುಗಬಾರದು. ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯು 1763ರಲ್ಲಿ ಬಿದನೂರನ್ನು ಗೆದ್ದಾಗ ಈ ಬಂದರುಗಳು ಅವನ ವಶವಾದವು. ಕೂಡಲೇ ನೌಕಾಬಲವನ್ನು ಕಟ್ಟತೊಡಗಿದನು. 1768ರಲ್ಲಿ ಮುಂಬಯಿಯಿಂದ ಬಂದ ಇಂಗ್ಲಿಷರು ಮಂಗಳೂರು, ಹೊನ್ನಾವರಗಳನ್ನು ಹಿಡಿದು ಅವನ ಹಡಗುಗಳನ್ನೂ ಕೊಂಡೊಯ್ದರು. ಇದನ್ನು ಯಾರೂ ಕಡಲ್ಗಳ್ಳತನವೆಂದು ಕರೆಯಲಿಲ್ಲ. ಮಂಗಳೂರನ್ನು ಅದೇ ವರ್ಷ ಹೈದರನು ಮರಳಿ ಪಡೆದನು. ಅವನ ಮಗ ಟಿಪ್ಪುವು ಶತ್ರುನೌಕೆಗಳು ಗುರುಪುರ ಹೊಳೆಯನ್ನು ಹೊಗದಂತೆ 1784ರಲ್ಲಿ ಬೋಳೂರಿನಲ್ಲಿ ಕಟ್ಟಿಸಿದ ಕರಿಗಲ್ಲಿನ ಸುಲ್ತಾನ್ ಬತ್ತೇರಿ ಇಂದಿಗೂ ಗಟ್ಟಿಯಾಗಿದೆ. ಅದರ ತೋಪಿನ ಕಂಡಿಗಳಲ್ಲಿ ಕಣ್ಣಿಟ್ಟರೆ ಹೊಳೆಯೂ, ಆಚೆ ತಣ್ಣೀರುಬಾವಿಯ ದಂಡೆಯೂ ಕಾಣಿಸುತ್ತವೆ.