ಸಮುದ್ರವಿಲ್ಲದ ಬಂದರು

ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದಲ್ಲಿ, ಮರಗಳು ದಟ್ಟೈಸಿದ ಕಣಿವೆಯೊಂದರ ಮಡಿಲಿನಲ್ಲಿ, ಕ್ಯಾಸಲ್ ಕೂಮ್ ಎಂಬ ಪುಟ್ಟ ಗ್ರಾಮವಿದೆ. ಜೇನುಬಣ್ಣದ ಕಲ್ಲಿನ ಮನೆಗಳು; ಊರ ನಡುವೆ ಹದಿನಾಲ್ಕನೆಯ ಶತಮಾನದ ಸಂತೆಮಂಟಪ; ಇಗರ್ಜಿಯಲ್ಲಿ ಮುಖಫಲಕವೇ ಇಲ್ಲದೆ ಗಂಟೆ ಬಾರಿಸುವ ಪುರಾತನ ಗಡಿಯಾರ. ಬೀದಿಯ ಇಳಿಜಾರು ಮುಗಿಯುವಲ್ಲಿ ಬೈಬ್ರುಕ್ ಎಂಬ ತೊರೆ, ಅದಕ್ಕೊಂದು ಕಲ್ಲಿನ ಸೇತುವೆ. ಹಿಂದೆ ಉಣ್ಣೆಬಟ್ಟೆಯ ನೇಯ್ಗೆಗೆ ಹೆಸರಾಗಿದ್ದ ಊರಿದು. ಉದ್ಯಮ ಬೇರೆಡೆಗೆ ಸರಿದುಹೋಯಿತು; ಹಳೆಯ ಚೆಲುವು ಮಾತ್ರ ಉಳಿಯಿತು.

ಆ ಚೆಲುವೇ 1966ರ ಬೇಸಗೆಯಲ್ಲಿ ಊರನ್ನು ಪೇಚಿಗೆ ಸಿಕ್ಕಿಸಿತು. ಹ್ಯೂ ಲಾಫ್ಟಿಂಗ್‌ನ ‘ಡಾಕ್ಟರ್ ಡೂಲಿಟ್ಲ್’ ಕಥೆಗಳನ್ನಾಧರಿಸಿ, ರೆಕ್ಸ್ ಹ್ಯಾರಿಸನ್ ನಾಯಕನಾಗಿ, ಅದ್ದೂರಿಯ ಸಂಗೀತಚಿತ್ರವೊಂದನ್ನು ತಯಾರಿಸಲು ಅಮೆರಿಕದ ಫಾಕ್ಸ್ ಸಂಸ್ಥೆ ಅಲ್ಲಿಗೆ ಬಂದಿತು. ಮೊದಲನೆಯ ಮಹಾಯುದ್ಧದ ಕಂದಕಗಳಿಂದ ಲಾಫ್ಟಿಂಗ್ ತನ್ನ ಮಕ್ಕಳಿಗೆ ಬರೆದ ಪತ್ರಗಳಲ್ಲಿ ಹುಟ್ಟಿದ ಕಥೆಗಳವು. ರಣರಂಗದ ಭೀಕರತೆಯನ್ನು ಎಳೆಯರಿಗೆ ಬರೆಯಲಾರದೆ, ಪ್ರಾಣಿಗಳ ಭಾಷೆ ಬಲ್ಲ ವೈದ್ಯನೊಬ್ಬನನ್ನು ಆತ ಕಲ್ಪಿಸಿಕೊಂಡಿದ್ದ. ಚಿತ್ರದಲ್ಲಿ ಈ ವೈದ್ಯನ ಊರು ಒಂದು ಬಂದರು. ಕ್ಯಾಸಲ್ ಕೂಮ್‌ಗಾದರೋ ಸಮುದ್ರವೇ ಇಲ್ಲ!

ಇಲ್ಲದಿದ್ದರೇನು? ತೊರೆಗೆ ಒಡ್ಡು ಕಟ್ಟಿ ನೀರು ನಿಲ್ಲಿಸಿದರು, ದೋಣಿಗಳನ್ನು ತೇಲಿಬಿಟ್ಟರು, ಮನೆಗಳ ಮೇಲಿದ್ದ ಟೆಲಿವಿಷನ್ ಏರಿಯಲ್‌ಗಳನ್ನು ಇಳಿಸಿದರು. ಊರವರಲ್ಲಿ ಹಲವರು ಸಿಡಿಮಿಡಿಗೊಂಡರು. ರಾನಲ್ಫ್ ಫೈನ್ಸ್ ಎಂಬ ತರುಣ ಸೇನಾಧಿಕಾರಿಯಂತೂ ಒಡ್ಡನ್ನೇ ಸಿಡಿಮದ್ದಿನಿಂದ ಹಾರಿಸಲು ಹೊರಟು ಸಿಕ್ಕಿಬಿದ್ದ. ದಂಡ ತೆತ್ತುದಲ್ಲದೆ, ವಿಶೇಷ ದಳದಲ್ಲಿನ ಸ್ಥಾನವನ್ನೂ ಕಳೆದುಕೊಂಡ. ಎರಡೂ ಧ್ರುವಗಳನ್ನು ಹಾಯ್ದು ಭೂಪ್ರದಕ್ಷಿಣೆ ಮಾಡಿ 1982ರಲ್ಲಿ ಮರಳಿದ ಸಾಹಸಿ ಈತನೇ.

ಕೊನೆಗೆ ಚಿತ್ರದವರನ್ನು ಓಡಿಸಿದ್ದು ಸಿಡಿಮದ್ದಲ್ಲ, ಮಳೆ. ಬಿಡದೆ ಹಿಡಿದ ಜಡಿಗೆ ಬೇಸತ್ತು ಅವರು ಕ್ಯಾಲಿಫೋರ್ನಿಯಕ್ಕೆ ಮರಳಿ, ಅಲ್ಲಿಯೇ ಊರಿನ ನಕಲನ್ನು ಕಟ್ಟಿಸಿಕೊಂಡರು. 60 ಲಕ್ಷ ಡಾಲರೆಂದು ಅಂದಾಜು ಮಾಡಿದ್ದ ವೆಚ್ಚ ಸುಮಾರು 1 ಕೋಟಿ 70 ಲಕ್ಷಕ್ಕೆ ಮುಟ್ಟಿತು. 1967ರಲ್ಲಿ ತೆರೆಕಂಡ ಚಿತ್ರಕ್ಕೆ ಹಾಡಿಗೊಂದು, ದೃಶ್ಯಚಮತ್ಕಾರಕ್ಕೊಂದು ಆಸ್ಕರ್ ಬಂದವು. ಹಾಕಿದ ಹಣ ಮಾತ್ರ ಮರಳಲಿಲ್ಲ. ಮೂಕಪ್ರಾಣಿಗಳ ಮಾತಿಗೂ ಕಿವಿಗೊಟ್ಟ ವೈದ್ಯನ ಕಥೆ ಹೇಳಬಂದವರು, ಬಾಯುಳ್ಳ ಊರವರ ಮಾತು ಕೇಳುವುದನ್ನು ಮರೆತಿದ್ದರು.

ಚಿತ್ರತಂಡಗಳು ಅನಂತರವೂ ಬಂದಿವೆ. 2011ರಲ್ಲಿ ತೆರೆಕಂಡ ‘ವಾರ್ ಹಾರ್ಸ್’ ಚಿತ್ರದಲ್ಲಿ ಇದೇ ಬೀದಿಗಳಿವೆ. ಒಡ್ಡು ಮಾತ್ರ ಎಂದೋ ಹೋಯಿತು. ಸೇತುವೆಯ ಮೇಲೆ ನಿಂತ ಪ್ರವಾಸಿಗರ ಮಕ್ಕಳು ಬಂದರನ್ನು ಹುಡುಕಿದರೆ, ಕಾಣುವುದು ಸೇತುವೆಯ ಕಮಾನುಗಳಡಿ ತನ್ನ ಪಾಡಿಗೆ ಹರಿಯುವ ತೊರೆಯೊಂದೇ.