ಜೋಗಿಮಟ್ಟಿಯ ಮಂಜು, ಬಚ್ಚಲುಮನೆಯ ಬೂಷ್ಟು

ಬಯಲುಸೀಮೆಯ ಬಿಸಿಲಿಗೆ ಹೆಸರಾದ ಚಿತ್ರದುರ್ಗಕ್ಕೆ ಬರುವ ಪ್ರವಾಸಿಗರು ಏಳುಸುತ್ತಿನ ಕೋಟೆಯನ್ನೂ ಓಬವ್ವನ ಕಿಂಡಿಯನ್ನೂ ಕಂಡು ತೃಪ್ತರಾಗಿ ಹಿಂದಿರುಗುವುದೇ ವಾಡಿಕೆ. ಊರಿನಿಂದ ಹತ್ತು-ಹನ್ನೆರಡು ಕಿಲೋಮೀಟರ್ ದೂರದ ಜೋಗಿಮಟ್ಟಿಯನ್ನು ಏರಿದವರಿಗಾದರೋ ಈ ಸೀಮೆಯ ಮತ್ತೊಂದು ಮುಖ ಕಾಣುತ್ತದೆ. ತಪ್ಪಲಿನಲ್ಲಿ ಆಡುಮಲ್ಲೇಶ್ವರದ ಕಿರು ಮೃಗಾಲಯ. ಅದರಾಚೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆಗೆ ಚಾಚಿದ ಕಾಡು. ತುದಿಯಲ್ಲಿ ಸದಾ ಬೀಸುವ ಗಾಳಿ. ಸುತ್ತಲಿನ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುವುದು ಇದರ ಬಲದಿಂದಲೇ.

ಮುಂಗಾರಿನ ದಿನಗಳಲ್ಲಿ ಈ ಗುಡ್ಡ ಮಂಜಿನಲ್ಲಿ ಮುಳುಗುತ್ತದೆ. ಇದರ ಕಾರಣ ಸರಳವಾದುದು. ಪಶ್ಚಿಮದಿಂದ ಬಂದ ತೇವದ ಗಾಳಿ ಗುಡ್ಡಕ್ಕೆ ತಾಗಿ ಮೇಲೇರುವಾಗ ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿಯಂತೆ ತಣಿಯುತ್ತದೆ. ತಣಿದ ಗಾಳಿಗೆ ತನ್ನ ನೀರನ್ನೆಲ್ಲ ಹೊರುವ ಶಕ್ತಿಯಿಲ್ಲ. ಆ ನೀರು ಹನಿಯಾಗಿ ಎಲೆಯ ಮೇಲೆ, ಬಂಡೆಯ ಮೇಲೆ ಕೂರುತ್ತದೆ. ಆದರೆ ಕೂತ ಹನಿಯನ್ನು ಒರಸಿಕೊಂಡು ಹೋಗಲು ಅಲ್ಲಿ ಗಾಳಿಯೂ ಉಂಟು, ಮೋಡ ಸರಿದೊಡನೆ ಬಿಸಿಲೂ ಉಂಟು. ಇವೆರಡೂ ಸುಳಿಯದ ಸಂದಿಗಳಲ್ಲಿಯೇ ಪಾಚಿ ಬಹುಕಾಲ ಹಸಿರಾಗಿ ಉಳಿಯುವುದು.

ಗುಡ್ಡದ ಮೇಲೆ ನಡೆಯುವ ಈ ವ್ಯಾಪಾರವೇ ಪ್ರತಿದಿನ ಮುಂಜಾನೆ ಬಚ್ಚಲುಮನೆಯಲ್ಲಿಯೂ ನಡೆಯುತ್ತದೆ. ಬಿಸಿನೀರಿನ ಹಬೆ ತಣ್ಣನೆಯ ಗೋಡೆಗೆ ತಾಗಿ ಹನಿಯಾಗುತ್ತದೆ. ನಾಲ್ಕೈದು ಮಂದಿ ಸಾಲಾಗಿ ಮಿಂದು ಹೊರಬಂದ ಮೇಲೆ ಬಾಗಿಲು ಮುಚ್ಚುತ್ತದೆ. ಒಳಗಿನ ತೇವಕ್ಕೆ ಹೊರದಾರಿಯಿಲ್ಲ. ಒಂದೆರಡು ದಿನ ತೇವ ಆರದಿದ್ದರೆ ಸಾಕು, ಗಾಳಿಯಲ್ಲಿ ಸದಾ ತೇಲುವ ಬೂಷ್ಟಿನ ಬೀಜಕಣಗಳು ಅಲ್ಲಿ ಬೇರೂರತೊಡಗುತ್ತವೆ. ಗೃಹಿಣಿ ಉಜ್ಜಿ ತೊಳೆದ ಮೂಲೆ ವಾರ ಕಳೆಯುವುದರೊಳಗೆ ಮತ್ತೆ ಕಪ್ಪಾಗುವ ಗುಟ್ಟು ಇದೇ.

ಹಿಂದಿನವರ ಬಚ್ಚಲು ನೋಟಕ್ಕೆ ಅಷ್ಟು ಚೆನ್ನಾಗಿರಲಿಲ್ಲ ನಿಜ. ಆದರೆ ಅಲ್ಲಿ ಹಂಡೆಯ ಕೆಳಗೆ ಒಲೆ ಉರಿಯುತ್ತಿತ್ತು. ಆ ಬೆಂಕಿ ಗೋಡೆಯನ್ನು ಒಣಗಿಸುತ್ತಿತ್ತು, ಬಿಸಿ ಗಾಳಿಯನ್ನು ಹೆಂಚಿನ ಸಂದಿಯಿಂದ ಹೊರಗೆ ಕಳುಹಿಸುತ್ತಿತ್ತು. ವರ್ಷಕ್ಕೊಮ್ಮೆ ಬಳಿಯುತ್ತಿದ್ದ ಸುಣ್ಣದ ಕ್ಷಾರದಲ್ಲಿ ಬೂಷ್ಟು ಬಾಳಲಾರದು. ಒಲೆ ಹೋಗಿ ಗೀಸರ್ ಬಂದಿತು, ಹೊಗೆಯ ಕಾಟ ತಪ್ಪಿತು. ಆದರೆ ಹೊಗೆಯ ದಾರಿಯನ್ನು ಮುಚ್ಚಿದವರು ಹಬೆಯ ದಾರಿಯನ್ನೂ ಮುಚ್ಚಿಬಿಟ್ಟರು.

ಇದು ಕೇವಲ ಅಂದದ ಪ್ರಶ್ನೆಯಲ್ಲ. ತೇವ ಮತ್ತು ಬೂಷ್ಟು ತುಂಬಿದ ಮನೆಗಳಲ್ಲಿ ಕೆಮ್ಮು, ಉಬ್ಬಸಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಎಚ್ಚರಿಸಿದೆ. ರಾತ್ರಿಯೆಲ್ಲ ಎದೆ ಗೊರಗುಟ್ಟುವ ಮಗುವಿಗೆ ಔಷಧ ತರುವ ತಂದೆ, ವೈದ್ಯರ ಮಾತಿನೊಡನೆ ಮನೆಯ ಗೋಡೆಯನ್ನೂ ಒಮ್ಮೆ ಪರೀಕ್ಷಿಸುವುದು ಲೇಸು.

ಪರಿಹಾರ ದುಬಾರಿಯದಲ್ಲ. ಮೊದಲು ಸೋರುವ ನಲ್ಲಿ, ಒಸರುವ ಕೊಳವೆಗಳನ್ನು ಸರಿಪಡಿಸಬೇಕು. ಇಲ್ಲವಾದರೆ ಉಳಿದುದೆಲ್ಲ ವ್ಯರ್ಥ. ಬಳಿಕ ಮೂಗಿಗೆ ಬಟ್ಟೆ, ಕೈಗೆ ಗವಸು ಧರಿಸಿ, ಕಿಟಕಿ ತೆರೆದು, ಸಾಬೂನು ನೀರಿನಿಂದ ಬೂಷ್ಟನ್ನು ಉಜ್ಜಿ ತೆಗೆದು ಗೋಡೆಯನ್ನು ಪೂರ್ಣವಾಗಿ ಒಣಗಿಸಬೇಕು. ಟೈಲಿನ ಮೇಲೆ ಬ್ಲೀಚಿಂಗ್ ಪುಡಿಯ ತಿಳಿನೀರನ್ನು ಬಳಸಬಹುದು. ಆದರೆ ಅದನ್ನು ಆಸಿಡ್ಡಿನೊಡನೆ ಎಂದಿಗೂ ಬೆರೆಸಬಾರದು, ವಿಷವಾಯು ಏಳುತ್ತದೆ. ತೇವ ಕುಡಿದು ಉದುರುವ ಗಾರೆಯನ್ನು ಕೆತ್ತಿ ಹೊಸದಾಗಿ ಬಳಿಯುವುದೇ ಸರಿ. ಬೂಷ್ಟಿನ ಮೇಲೆಯೇ ಬಣ್ಣ ಹಚ್ಚಿದರೆ ಅದು ಮರೆಯಾಗುತ್ತದೆಯೇ ಹೊರತು ಸಾಯುವುದಿಲ್ಲ.

ದಿನವೂ ಕೊನೆಗೆ ಮಿಂದವರು ಗೋಡೆಯ ನೀರನ್ನು ಒರಸಿ, ಬೆಳಕಿಂಡಿಯನ್ನು ತೆರೆದಿಟ್ಟು ಬರಲಿ. ಗಾಳಿ ಎಳೆಯುವ ಫ್ಯಾನಿದ್ದರೆ ಇನ್ನೂ ಅರ್ಧ ಗಂಟೆ ತಿರುಗಲಿ. ಜೋಗಿಮಟ್ಟಿಯ ಗಾಳಿಯನ್ನು ಮನೆಗೆ ಹೊತ್ತು ತರಲಾಗದು. ಮನೆಯ ಹೊರಗೇ ಕಾದು ನಿಂತ ಗಾಳಿಗೆ ಒಂದು ಗೇಣಿನ ಕಿಂಡಿ ಬಿಡಲು ಯಾವ ಅಡ್ಡಿಯೂ ಇಲ್ಲ.