ಮರಲಿಗೆ ಇಟ್ಟ ಖಾನಾವಳಿ

ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದು ಬೀದರಿನ ನಂದಿನಗರದಲ್ಲಿ. ಅದರ ಮೀನುಗಾರಿಕೆ ಕಾಲೇಜು ಇರುವುದು ಮಂಗಳೂರಿನಲ್ಲಿ, 1969ರಿಂದ. ಕಡಲಿಲ್ಲದ ಊರಿಗೆ ಮೀನಿನ ವಿಶ್ವವಿದ್ಯಾಲಯ ಯಾಕಪ್ಪ ಎಂದು ನಗುವವರು ನಮ್ಮಲ್ಲಿ ಬಹಳ. ನಾನೂ ನಕ್ಕವನೇ. ಭಾಲ್ಕಿ ತಾಲೂಕಿನ ನಮ್ಮ ಹೊಲದ ಹೊಂಡಕ್ಕೆ ಮೀನು ಬಿಟ್ಟು ಕೈ ಸುಟ್ಟುಕೊಂಡ ಮೇಲೆ ಆ ನಗು ನಿಂತಿತು.

2014ರಲ್ಲಿ ಸರಕಾರದ ಕೃಷಿ ಭಾಗ್ಯ ಯೋಜನೆ ಬಂದಾಗಿನಿಂದ ನಮ್ಮ ಕಡೆ ಹೊಲಹೊಲಕ್ಕೂ ಹೊಂಡ ಬಂದವು. ನಮ್ಮದು 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ. ಮುರಂ ನೆಲವಾದ್ದರಿಂದ ನೀರು ಇಂಗಬಾರದೆಂದು ಪಾಲಿಥೀನ್ ಹಾಳೆ ಹಾಸಿದ್ದೆವು. ಹೊಂಡ ತೋಡಿದ್ದು ತೊಗರಿ ಹೂ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಇರಲಿ ಎಂದು. ನೀರು ತುಂಬಿ ನಿಂತದ್ದು ಕಂಡ ಕೂಡಲೇ ನನಗೆ ಮೀನಿನ ಆಸೆ ಹತ್ತಿತು.

ಕಾಟ್ಲಾ, ರೋಹು, ಮೃಗಾಲ್ ಕೂಡಿಸಿ ಬಿಡಬೇಕು ಎನ್ನುವುದು ಪುಸ್ತಕದಲ್ಲೂ ಇದೆ, ಇಲಾಖೆಯವರೂ ಹೇಳುತ್ತಾರೆ. ಈ ಮೂರೂ ಯಾಕೆ ಹೊಂದುತ್ತವೆ ಎಂಬುದು ಬಾಯಿ ನೋಡಿದರೆ ತಿಳಿಯುತ್ತದೆ. ಕಾಟ್ಲಾದ ತಲೆ ದೊಡ್ಡದು, ಕೆಳದವಡೆ ಮುಂದೆ ಚಾಚಿ ಬಾಯಿ ಮೇಲಕ್ಕೆ ತೆರೆದುಕೊಂಡಿರುತ್ತದೆ. ಅದು ಮೇಲ್ನೀರಿನ ಸಣ್ಣ ಜೀವಿಗಳನ್ನು ತಿನ್ನುವ ಮೀನು. ರೋಹುವಿನ ತುಟಿಗೆ ಸಣ್ಣ ಜಾಲರಿಯಂಥ ಅಂಚು, ಅದು ನಡುನೀರಿನದು. ಮೃಗಾಲ್ ತಳದ ಕೆಸರು ಕೆದಕಿ ಅಲ್ಲಿ ಕೊಳೆತು ಬಿದ್ದದ್ದನ್ನು ತಿನ್ನುತ್ತದೆ. ಒಂದರ ಊಟಕ್ಕೆ ಇನ್ನೊಂದು ಅಡ್ಡ ಬರುವುದಿಲ್ಲ. ಇಷ್ಟನ್ನು ಓದಿಕೊಂಡೇ ಮರಿ ತಂದಿದ್ದೆ. ಓದಿದ್ದಕ್ಕೆ ನಿಂತಿದ್ದರೆ ಇದನ್ನು ಬರೆಯುವ ಪ್ರಸಂಗವೇ ಇರಲಿಲ್ಲ.

ಮರಿ ಮಾರುವವನ ಗಾಡಿಯಲ್ಲಿ ಇನ್ನೊಂದು ಚೀಲ ಇತ್ತು: ಮರಲ್. ತೆಲಂಗಾಣದವರು ಕೊರಮೀನು ಎನ್ನುವುದು ಇದನ್ನೇ. ಹೈದರಾಬಾದಿನಲ್ಲಿ ಇದನ್ನು ಜೀವಂತವಾಗಿಯೇ ತೂಗುತ್ತಾರೆ, ರೋಹುವಿನ ಎರಡು ಪಟ್ಟಿಗೂ ಮೇಲೆ ದರ. ಮಿರಗದ ಹೊತ್ತಿಗೆ ನಾಂಪಳ್ಳಿ ಮೈದಾನದಲ್ಲಿ ಉಬ್ಬಸದವರಿಗೆ ಔಷಧಿ ಜೊತೆ ನುಂಗಿಸುವ ಮರಿಯೂ ಇದೇ. ನಮ್ಮೂರಿಂದಲೂ ಜನ ಹೋಗಿ ಸಾಲು ಹಚ್ಚುತ್ತಾರೆ. ‘ಎಲ್ಲಾ ಕೂಡೇ ಬೆಳೀತಾವ್ರಿ’ ಎಂದ ಅವನು. ಅವನನ್ನು ಬಯ್ಯುವುದರಲ್ಲಿ ಅರ್ಥವಿಲ್ಲ. ಅವನು ಮಾರಲಿಕ್ಕೆ ಬಂದವನು. ಲೆಕ್ಕ ಹಾಕಿ ಒಳಗೊಳಗೇ ಹಿಗ್ಗಿದವನು ನಾನು. ಅದೂ ಮರಲ್ ಮರಿ ಬೆರಳಿಗಿಂತ ಉದ್ದ ಇದ್ದವು, ರೋಹು ಮರಿ ಅದರ ಅರ್ಧವೂ ಇರಲಿಲ್ಲ. ದೊಡ್ಡ ಮರಿ ಸಿಕ್ಕಿತೆಂದು ಖುಷಿಪಟ್ಟೆ.

ದೀಪಾವಳಿ ಕಳೆದ ಮೇಲೆ ಮಾಂಜ್ರಾ ದಂಡೆಯ ಒಬ್ಬ ಹಿರಿಯ ಬಲೆಗಾರರನ್ನು ಕರೆಸಿ ಬಲೆ ಎಳೆಸಿದೆ. ಬಲೆ ಹಗುರಾಗಿ ಬಂತು. ಒಂದಿಷ್ಟು ಕಾಟ್ಲಾ, ಎಣಿಸುವಷ್ಟು ಮೃಗಾಲ್, ಮತ್ತೆ ಕೊಬ್ಬಿದ ಮರಲ್. ಬಲೆಗಾರ ಕಾಕಾ ಅದರಲ್ಲೊಂದನ್ನು ಕಲ್ಲ ಮೇಲೆ ಇಟ್ಟು ಹೊಟ್ಟೆ ಸೀಳಿದರು. ಒಳಗೆ ಎರಡು ರೋಹು. ಮೊದಲು ನುಂಗಿದ್ದು ಬಣ್ಣಗೆಟ್ಟು ಮೆತ್ತಗಾಗಿತ್ತು. ಎರಡನೆಯದರ ಹುರುಪೆ ಇನ್ನೂ ಹೊಳೆಯುತ್ತಿತ್ತು, ತಲೆ ಒಳಗೆ, ಬಾಲ ಗಂಟಲ ಕಡೆಗೆ. ಮರಲ್ ಕಚ್ಚಿ ಹರಿದು ತಿನ್ನುವುದಿಲ್ಲ, ಹೊಂಚಿ ಕೂತು ಇಡಿಯಾಗಿ ನುಂಗುತ್ತದೆ. ಬಾಯಿಗೆ ಹಿಡಿಸಿದ್ದೆಲ್ಲ ಅದಕ್ಕೆ ಊಟ.

‘ಮಾಸ್ತರ್ರ, ರೋಹುಕ್ಕ ನೀರು ಕೊಟ್ಟೀರಿ, ಮರಲಿಗಿ ಖಾನಾವಳಿ ಇಟ್ಟೀರಿ,’ ಎಂದರು ಕಾಕಾ. ‘ಬಿಲ್ ನಿಮ್ಮ ಹೆಸರಿಗಿ.’

ನಗಲಿಲ್ಲ ನಾನು. ಅವತ್ತು ಸಿಕ್ಕ ಮರಲ್‌ನಿಂದ ಮರಿಯ ದುಡ್ಡೂ ಹುಟ್ಟಲಿಲ್ಲ. ಮಳೆ ಬಿದ್ದ ರಾತ್ರಿ ಅದು ದಂಡೆ ಹತ್ತಿ ತೆವಳಿ ಹೋಗುತ್ತದೆ, ಗಾಳಿಯನ್ನೇ ಉಸಿರಾಡಬಲ್ಲದು; ಮೇಲೆ ಹಸಿವಾದರೆ ತನ್ನ ಕುಲದ ಸಣ್ಣವನ್ನೂ ಬಿಡುವುದಿಲ್ಲ. ಎಷ್ಟು ಹೋದವು, ಎಷ್ಟು ಒಂದರ ಹೊಟ್ಟೆಗೆ ಒಂದು ಬಿದ್ದವು, ಲೆಕ್ಕ ಸಿಗುವುದಲ್ಲ.

ಮುಂದಿನ ವರ್ಷ ಮರಲ್ ಹತ್ತಿರ ಸುಳಿಯಲಿಲ್ಲ. ಜಗಳವಿಲ್ಲದ ಮೀನೇ ಬೇಕೆಂದು ಮೂರು ಗೆಂಡೆಗಳ ಜೊತೆ ಬೆಳ್ಳಿಗೆಂಡೆ ಸೇರಿಸಿದೆ. ಮರಿ ಸಾವಿರದ ಮೇಲೆ ಬಿಟ್ಟೆ. ಒಂದೂ ಇನ್ನೊಂದನ್ನು ತಿನ್ನಲಿಲ್ಲ. ಆದರೂ ಕಾಟ್ಲಾ ಅಂಗೈ ಅಗಲ ದಾಟಲಿಲ್ಲ, ತಲೆಯಷ್ಟೇ ದೊಡ್ಡದಾಗಿ ಮೈ ಸೊರಗಿತ್ತು.

ಕಾರಣ ಹೇಳಿದವನು ನನ್ನ ತಂಗಿಯ ಮಗ. ಮಂಗಳೂರಿನಲ್ಲಿ ಓದುವ ಹುಡುಗ, ಬೀದರಿನ ಮನೆಯ ಕೋಣೆಯಲ್ಲಿ ಎರಡಡಿ ಗಾಜಿನ ತೊಟ್ಟಿ ಇಟ್ಟು ಕಡಲ ಮೀನು ಸಾಕುತ್ತಾನೆ. ಉಪ್ಪನ್ನು ಪ್ಯಾಕೆಟ್ಟಿನಲ್ಲಿ ತರಿಸಿ ಆರ್‌ಒ ನೀರಿಗೆ ಕಲೆಸುತ್ತಾನೆ. ಎರಡು ಕ್ಲೌನ್ ಮೀನು, ತಳದಲ್ಲಿ ಒಂದು ಗೋಬಿ, ಸಣ್ಣ ಜೀವಿಗಳು ನೆಲೆಸಿದ ಒಂದಿಷ್ಟು ‘ಜೀವಂತ ಬಂಡೆ’, ಅಷ್ಟೇ. ಇಷ್ಟು ನೀರಿಗೆ ಇಷ್ಟೇ ಯಾಕೆ ಎಂದು ನಾನೇ ಹಂಗಿಸಿದ್ದೆ. ಡ್ಯಾಮ್ಸೆಲ್ ಮೀನು ಹಾಕಿದರೆ ಮೂಲೆ ಹಿಡಿದು ಉಳಿದವನ್ನು ಬಡಿಯುತ್ತದೆ, ಅದಕ್ಕೇ ಹಾಕಿಲ್ಲ ಎಂದಿದ್ದ. ಬಣ್ಣಕ್ಕೆ ಮರುಳಾಗಿ ಒಂದು ಮ್ಯಾಂಡರಿನ್ ಮೀನು ತಂದಿದ್ದನಂತೆ. ‘ಮಾಮಾ, ಅದಕ್ಕ ಯಾರೂ ಕಚ್ಚಲಿಲ್ಲ. ಬಂಡಿ ಮ್ಯಾಲಿನ ಸಣ್ಣ ಹುಳಾ ತೀರಿದ್ವು, ಒಣ ಕಾಳು ಅದು ಮುಟ್ಟಲ್ಲ. ಉಪಾಸ ಸತ್ತದ. ನಿಮ್ಮ ಕಾಟ್ಲಾನೂ ಹಂಗೇ.’

ಹುಡುಗ ಹೇಳಿದ್ದು ನಿಜ. ಪಾಲಿಥೀನ್ ಹಾಸಿದ ಹೊಂಡದಲ್ಲಿ ಕೆಸರಿಲ್ಲ, ನೀರು ತಿಳಿಯಾಗಿರಲಿ ಎಂದು ನಾನು ಸಗಣಿಯನ್ನೂ ಕದಡಿರಲಿಲ್ಲ. ಹಸಿರು ತಿರುಗದ ನೀರಿನಲ್ಲಿ ಕಾಟ್ಲಾಗೆ ಊಟವೇ ಇಲ್ಲ. ಇದ್ದಷ್ಟಕ್ಕೂ ಬೆಳ್ಳಿಗೆಂಡೆ ಪಾಲುದಾರ, ಅದೂ ಮೇಲ್ನೀರಿನದೇ. ನಾನು ತೌಡು, ಶೇಂಗಾ ಹಿಂಡಿ ಹಾಕಿದ್ದು ರೋಹುವಿಗೆ ಹೋಯಿತು. ಹೆಕ್ಟೇರಿಗೆ 5,000 ಮರಿ ಎಂಬ ಸಾಮಾನ್ಯ ಲೆಕ್ಕ ಹಿಡಿದರೆ ನಮ್ಮ 441 ಚದರ ಮೀಟರಿಗೆ ಬರುವುದು 220. ಗಣಿತ ಕಲಿಸಿದ ಮಾಸ್ತರ ಆ ಭಾಗಾಕಾರ ಮಾಡಿರಲಿಲ್ಲ.

ಇನ್ನೊಂದು ಸಂಗತಿಯನ್ನು ಯಾವ ಪುಸ್ತಕವೂ ನನಗೆ ಮನವರಿಕೆ ಮಾಡಿರಲಿಲ್ಲ. ಮೇಲ್ನೀರು, ನಡುನೀರು, ತಳ ಎಂಬ ಪಾಲು ನಡೆಯುವುದು ನೀರು ಇರುವ ತನಕ. ಆ ವರ್ಷ ತೊಗರಿಗೆ, ಕಡಲೆಗೆ ಎಂಜಿನ್ ಹಚ್ಚಿ ನೀರು ಹಾಯಿಸಿದೆವು; ಸಂಕ್ರಾಂತಿಗೆ ಹೊಂಡದಲ್ಲಿ ಸೊಂಟಮಟ್ಟ ನೀರು. ಈಗ ಮೇಲು ಯಾವುದು, ತಳ ಯಾವುದು? ಶ್ರಾವಣದಲ್ಲಿ ಒಂದಕ್ಕೊಂದು ಮೈ ತಾಗದಂತೆ ಇದ್ದ ಮೀನುಗಳೇ ಮಾಘದಲ್ಲಿ ಒಂದರ ಉಸಿರು ಇನ್ನೊಂದು ಕಸಿದವು. ಬೆಳಗಿನ ಜಾವ ಹೋದರೆ ಎಲ್ಲವೂ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ರಾತ್ರಿಯೆಲ್ಲ ಮೀನಿನ ಜೊತೆ ನೀರಿನಲ್ಲಿರುವ ಅಷ್ಟಿಷ್ಟು ಪಾಚಿಯೂ ಆಮ್ಲಜನಕ ಎಳೆದುಕೊಳ್ಳುತ್ತದೆ, ಬಿಸಿಲು ಬೀಳುವ ಮುಂಚೆ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆ. ಸತ್ತು ತೇಲಿದ್ದರಲ್ಲಿ ಬೆಳ್ಳಿಗೆಂಡೆಯೇ ಹೆಚ್ಚು.

ಔರಾದಿನ ನಮ್ಮ ಬೀಗರದು ಬೇರೆ ಕಥೆ. ಅವರ ಎರೆ ಹೊಲದ ಹೊಂಡಕ್ಕೆ ತಿಲಾಪಿಯಾ ಹೇಗೆ ಬಂತೋ, ಮರಿಯ ಚೀಲದಲ್ಲೇ ಬೆರೆತಿತ್ತೋ ಏನೋ. ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. 1957ರಲ್ಲಿ ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಚುಚ್ಚುಮದ್ದು ಕೊಟ್ಟು ಮೊಟ್ಟೆ ಇಡಿಸುವ ತನಕ ಈ ಮರಿಗಳಿಗೆ ಬಹುಮಟ್ಟಿಗೆ ಹೊಳೆಯೇ ಗತಿಯಾಗಿತ್ತು. 1952ರಲ್ಲಿ ಹೊರಗಿನಿಂದ ಬಂದ ತಿಲಾಪಿಯಾಕ್ಕೆ ಅಂಥ ಬಿಗುಮಾನವಿಲ್ಲ. ಬಾಯಲ್ಲೇ ಮೊಟ್ಟೆ ಇಟ್ಟುಕೊಂಡು ಮರಿ ಮಾಡುತ್ತದೆ, ಮರಿ ದೊಡ್ಡದಾಗುವ ಮುಂಚೆ ಮತ್ತೆ ಮರಿ. ಬೀಗರ ಹೊಂಡ ತುಂಬ ಮೀನೇ ಮೀನು, ಯಾವುದೂ ಮಾರುವ ಗಾತ್ರದ್ದಲ್ಲ. ‘ನಮ್ಮ ಮೀನು ಸಾಯಲಿಲ್ಲ ನೋಡ್ರಿ’ ಎಂದು ಅವರು ಹೆಮ್ಮೆಪಟ್ಟಾಗ ಏನು ಹೇಳಬೇಕೋ ತೋಚಲಿಲ್ಲ. ಹೊಂಡ ಬತ್ತಿಸಿ ಒಣಗಿಸುವುದೇ ಅದಕ್ಕೆ ನಂಬಬಹುದಾದ ಮದ್ದು.

ಹೀಗೆ ಮೀನು ಬಿಡುವವರು ಹೊಂಡಕ್ಕೆ ಕೋಲು ಹಾಕಿ ಅಳೆಯಬೇಕಾದದ್ದು ಶ್ರಾವಣದಲ್ಲಲ್ಲ, ಮಾಘದಲ್ಲಿ. ಆಗ ಉಳಿಯುವ ನೀರಿಗೆ ತಕ್ಕಷ್ಟೇ ಮರಿ ತನ್ನಿ, ಎಲ್ಲವೂ ಒಂದೇ ಅಳತೆಯವು ಇರಲಿ, ಒಂದೇ ದಿನ ಬಿಡಿ. ಹೊಂಡಕ್ಕೆ ಬಿಡುವ ಮುಂಚೆ ಒಂದು ಬೋಗುಣಿಗೆ ಸುರಿದು ಬಾಯಿ ನೋಡಿ. ಗುರುತು ಸಿಗದ ಮರಿ ಪುಕ್ಕಟೆ ಕೊಟ್ಟರೂ ಬೇಡ. ಮರಲ್ ಬೇಕೆಂದರೆ ಅದಕ್ಕೊಂದು ಬೇರೆ ಹೊಂಡ, ಸುತ್ತ ಎತ್ತರದ ಜಾಳಿಗೆ, ಬೇರೆ ಊಟ. ನಾನು ಈಗ ರೋಹು ಮತ್ತು ಸಾಮಾನ್ಯ ಗೆಂಡೆ ಮಾತ್ರ ಬಿಡುತ್ತೇನೆ, ತಳಕ್ಕೆ ಒಂದಿಷ್ಟು ಎರೆಮಣ್ಣು ಹಾಕಿಸಿದ್ದೇನೆ, ಸಂಕ್ರಾಂತಿ ಮುಂಚೆ ಬಲೆ ಎಳೆಸುತ್ತೇನೆ. ಕಾಟ್ಲಾ ತಿನ್ನುವ ಆಸೆಯಾದರೆ ಕಾರಂಜಾ ಜಲಾಶಯದ ದಂಡೆಗೆ ಹೋಗಿ ಕೊಂಡು ತರುತ್ತೇನೆ.